ಗಂಜಿ ಕೇಂದ್ರದ ಸಾಲಿನಲ್ಲಿ ಮನಸ್ಸೂ ನಿಂತಿರುತ್ತದೆ

ವಯನಾಡಿನ ಪುತ್ತುಮಲೆಯಲ್ಲಿ 2024ರ ಆಗಸ್ಟ್‌ನಲ್ಲಿ ಮಣ್ಣು ಮಾಡಿದ ಎಷ್ಟೋ ದೇಹಗಳ ತಲೆದೆಸೆಯಲ್ಲಿ ಹೆಸರಿರಲಿಲ್ಲ, ಒಂದು ಸಂಖ್ಯೆ ಇತ್ತು. ಜುಲೈ 30ರ ನಡುರಾತ್ರಿ ಕಳೆದ ಮೇಲೆ ಮುಂಡಕ್ಕೈ ಮತ್ತು ಚೂರಲ್‌ಮಲೆಯ ಮೇಲೆ ಗುಡ್ಡ ಕುಸಿದು ಬಂದಿತ್ತು. ಹೆಣಗಳು ಚಾಲಿಯಾರ್ ನದಿಯಲ್ಲಿ ತೇಲಿ ಪಕ್ಕದ ಮಲಪ್ಪುರಂ ಜಿಲ್ಲೆಯ ನಿಲಂಬೂರಿನವರೆಗೂ ಹೋಗಿದ್ದವು. ಯಾರದೆಂದು ಗುರುತು ಸಿಗದ ದೇಹಗಳನ್ನೂ ದೇಹದ ಭಾಗಗಳನ್ನೂ ಸರ್ವಧರ್ಮ ಪ್ರಾರ್ಥನೆ ಮಾಡಿ ಅಲ್ಲಿ ಹೂಳಿದರು. ಹೂಳುವ ಮುನ್ನ ಡಿಎನ್‌ಎ ಮಾದರಿ ತೆಗೆದಿಟ್ಟಿದ್ದರು. ಪರೀಕ್ಷೆಯ ಫಲಿತಾಂಶ ಬರತೊಡಗಿದಂತೆ ಮನೆಯವರು ಬಂದು, ತಮ್ಮವರ ಸಂಖ್ಯೆ ಎಲ್ಲಿದೆ ಎಂದು ಹುಡುಕಿ, ಅಲ್ಲಿ ಹೆಸರು ಹಾಕಿಸಿದರು. ಎಸ್ಟೇಟ್ ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆಯೂರಿದ್ದ ಕನ್ನಡದ ಕುಟುಂಬಗಳೂ ಆ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವು.

ಆ ಹೆಸರು ಹಾಕಿಸಿದ ಗಳಿಗೆಯನ್ನು ಯಾವ ಇಲಾಖೆಯೂ ಮಾನಸಿಕ ಆರೋಗ್ಯ ಸೇವೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು ಎಂಬುದೇ ಈ ಲೇಖನದ ವಾದ. ಪ್ರಯೋಗಾಲಯದಲ್ಲಿ ಕೂತು ಮಾದರಿಗಳನ್ನು ತಾಳೆ ನೋಡಿದ ತಂತ್ರಜ್ಞ, ಯಾರು ಎಲ್ಲಿದ್ದಾರೆಂಬ ಪಟ್ಟಿಯನ್ನು ದಿನಕ್ಕೆರಡು ಸಲ ತಿದ್ದಿ ಗೋಡೆಗೆ ಅಂಟಿಸುವ ಕಂದಾಯ ಇಲಾಖೆಯ ನೌಕರ, ಶಾಲೆಯ ಬಾಗಿಲು ಬೇಗ ತೆರೆಯಬೇಕೆಂದು ಹಟ ಹಿಡಿಯುವ ಮುಖ್ಯೋಪಾಧ್ಯಾಯಿನಿ, ಇವರೆಲ್ಲ ವಿಪತ್ತಿನ ಹೊತ್ತಿನಲ್ಲಿ ಜನರ ಮನಸ್ಸನ್ನು ಕಾಯುವವರು. ಮನೋವೈದ್ಯರ ಸರದಿ ಆಮೇಲೆ ಬರುತ್ತದೆ, ಬರಲೇಬೇಕು. ಆದರೆ ಸಂತ್ರಸ್ತರ ಮನಸ್ಸಿನ ಹೆಚ್ಚಿನ ಪಾಲು ಉಳಿಯುವುದೂ ಹಾಳಾಗುವುದೂ ಪರಿಹಾರವನ್ನು ನಾವು ಯಾವ ರೀತಿಯಲ್ಲಿ ಕೊಡುತ್ತೇವೆ ಎಂಬುದರ ಮೇಲೆ.

ಕಾಣೆಯಾದವರ ವಿಷಯವನ್ನೇ ಇನ್ನಷ್ಟು ನೋಡೋಣ. ಉತ್ತರ ಕನ್ನಡದ ಶಿರೂರಿನಲ್ಲಿ ಅದೇ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಜಾರಿತು. ಗಂಗಾವಳಿ ನದಿಯ ತಳದಿಂದ ಒಂದು ಲಾರಿಯನ್ನೂ ಅದರೊಳಗಿದ್ದ ಕೇರಳದ ಚಾಲಕನ ದೇಹವನ್ನೂ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಮಳೆಗೆ ಶೋಧ ನಿಂತಿತು, ಮತ್ತೆ ಶುರುವಾಯಿತು, ಹೂಳೆತ್ತುವ ಡ್ರೆಜರ್ ತರಿಸಬೇಕಾಯಿತು. ಬದುಕಿರುವ ಆಸೆ ಬತ್ತಿದ ಮೇಲೂ ಇಷ್ಟು ಖರ್ಚೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಆ ಮನೆಯಲ್ಲಿದೆ. ದೇಹ ಸಿಗದ ಮನೆಯಲ್ಲಿ ಸೂತಕ ಶುರುವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ತಿಥಿ ಮಾಡಿದರೆ ಬದುಕಿರುವವನನ್ನು ನಾವೇ ಕೊಂದಂತೆ ಎಂದು ಒಬ್ಬರಿಗೆ ಅನಿಸಿದರೆ, ಮಾಡದಿದ್ದರೆ ಸತ್ತವನಿಗೆ ಗತಿಯಿಲ್ಲ ಎಂದು ಇನ್ನೊಬ್ಬರಿಗೆ ಅನಿಸುತ್ತದೆ. ಒಂದೇ ಸೂರಿನ ಕೆಳಗೆ ಈ ಎರಡೂ ಸಂಕಟ ತಿಂಗಳುಗಟ್ಟಲೆ ಎದುರುಬದುರು ಕೂತಿರುತ್ತವೆ. ಅಮೆರಿಕದ ವಿದ್ವಾಂಸೆ ಪಾಲಿನ್ ಬಾಸ್ ಇಂಥ ಕೊನೆಗಾಣದ ಅಗಲಿಕೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮೇಲೆ ಕಾಣೆಯಾದವರ ಕುಟುಂಬಗಳ ಜತೆ ಕೆಲಸ ಮಾಡಿದವರು. ರೋಗ ಇರುವುದು ಆ ಜನರಲ್ಲಲ್ಲ, ಅವರು ಸಿಕ್ಕಿಬಿದ್ದಿರುವ ಪರಿಸ್ಥಿತಿಯಲ್ಲಿ ಎಂಬುದು ಅವರ ಕೆಲಸದ ಸಾರ.

ನಮ್ಮ ಕಾನೂನಿನಲ್ಲಿ ಏಳು ವರ್ಷ ಸುದ್ದಿಯಿಲ್ಲದವನನ್ನು ಮಾತ್ರ ಸತ್ತವನೆಂದು ಭಾವಿಸಲು ಅವಕಾಶವಿದೆ. 2004ರ ಸುನಾಮಿಯ ನಂತರ, 2013ರ ಉತ್ತರಾಖಂಡದ ಪ್ರವಾಹದ ನಂತರ, ವಯನಾಡಿನ ನಂತರ ಸರ್ಕಾರಗಳು ಈ ಗಡುವನ್ನು ಬದಿಗಿಟ್ಟು ಬೇಗನೆ ಮರಣ ಪ್ರಮಾಣಪತ್ರ ಕೊಡುವ ದಾರಿ ಮಾಡಿದವು. ಆ ಕಾಗದದಿಂದ ಪರಿಹಾರಧನ ಬರುತ್ತದೆ, ಪಿಂಚಣಿ ಬರುತ್ತದೆ, ಜಮೀನಿನ ಖಾತೆ ಬದಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹೆಂಗಸಿಗೆ ಅಳುವ ಅಧಿಕಾರ ಸಿಗುತ್ತದೆ. ಆದರೆ ಮೇಜಿನ ಆಚೆಯಿಂದ ಆ ಕಾಗದವನ್ನು ಚಾಚುವವರು ಒಂದು ಮಾತೂ ಆಡದೆ ಚಾಚಿದರೆ ಅದೇ ಕಾಗದ ಗಾಯವಾಗಬಲ್ಲದು. ಎಷ್ಟು ಹುಡುಕಿದೆವು, ಎಲ್ಲಿ ಹುಡುಕಿದೆವು, ಏಕೆ ನಿಲ್ಲಿಸಿದೆವು ಎಂದು ಕೂರಿಸಿ ಹೇಳಲು ಅರ್ಧ ಗಂಟೆ ಸಾಕು. ಅದಕ್ಕೆ ಮನಶ್ಶಾಸ್ತ್ರದ ಪದವಿ ಬೇಡ. ತಹಶೀಲ್ದಾರರಿಗೆ ಹಾಗೆ ಮಾಡಬೇಕೆಂಬ ಸೂಚನೆ ಮತ್ತು ಹಾಗೆ ಮಾಡುವ ಪುರುಸೊತ್ತು ಬೇಕು.

ಇಲ್ಲಿ ಒಂದು ಆಕ್ಷೇಪ ಎದುರಾಗುತ್ತದೆ. ಊರೇ ಕೊಚ್ಚಿಹೋದಾಗ ಅನ್ನ, ನೀರು, ಹೊದಿಕೆ ಮೊದಲು. ಮನಸ್ಸಿನ ಮಾತು ಹೊಟ್ಟೆಗೆ ಹಿಟ್ಟಿಲ್ಲದಿರುವಾಗ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ ಎನ್ನುವವರು ಆಡಳಿತದಲ್ಲಿ ಬಹಳ ಮಂದಿ. ಅವರ ಕಾಳಜಿ ಸುಳ್ಳಲ್ಲ. ತಪ್ಪಿರುವುದು ಹಿಟ್ಟು ಬೇರೆ ಮಲ್ಲಿಗೆ ಬೇರೆ ಎಂದುಕೊಂಡಿರುವುದರಲ್ಲಿ. ಗಂಜಿ ಕೇಂದ್ರದಲ್ಲಿ ಅನ್ನ ಬಡಿಸುವುದು ಹೇಗೆ ಎಂಬುದರಲ್ಲೇ ಮನಸ್ಸಿನ ಪ್ರಶ್ನೆ ಅಡಗಿದೆ. ನಿನ್ನೆವರೆಗೆ ಹತ್ತು ಆಳುಗಳಿಗೆ ಊಟ ಹಾಕುತ್ತಿದ್ದವನು ಇಂದು ತಟ್ಟೆ ಹಿಡಿದು ನಿಲ್ಲುತ್ತಾನೆ. ಅವನ ಫೋಟೊ ತೆಗೆದುಕೊಳ್ಳಲು ದಾನಿಗಳು ಕಾಯುತ್ತಿರುತ್ತಾರೆ. ಶಾಲೆಯ ಹಾಲಿನಲ್ಲಿ ನೂರು ಜನರ ನಡುವೆ ಮುಟ್ಟಾದ ಹುಡುಗಿ ಬಟ್ಟೆ ಬದಲಿಸಲು ಜಾಗವಿಲ್ಲದೆ ರಾತ್ರಿಯಾಗುವುದನ್ನೇ ಕಾಯುತ್ತಾಳೆ. ಮನೆಯವರನ್ನು ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಎಂದು ಬೇರ್ಪಡಿಸಿದರೆ ಮಗು ಅಪ್ಪನನ್ನು ಹುಡುಕುತ್ತಾ ನಿದ್ದೆಗೆಡುತ್ತದೆ. ಅಡುಗೆಯ ಕೆಲಸವನ್ನು ಕೇಂದ್ರದಲ್ಲಿರುವವರ ಕೈಗೇ ಕೊಟ್ಟರೆ, ಸಾಮಾನಿನ ಲೆಕ್ಕವನ್ನು ಅವರಲ್ಲೇ ನಾಲ್ವರಿಗೆ ಒಪ್ಪಿಸಿದರೆ, ಬಟ್ಟೆ ಬದಲಿಸಲು ಒಂದು ಮೂಲೆಗೆ ಸೀರೆ ಕಟ್ಟಿ ಮರೆ ಮಾಡಿದರೆ, ಹೆಚ್ಚು ಖರ್ಚೇನೂ ಬೀಳುವುದಿಲ್ಲ.

ವಿಶ್ವಸಂಸ್ಥೆಯ ಅಂಗಗಳೂ ದೊಡ್ಡ ನೆರವು ಸಂಸ್ಥೆಗಳೂ ಸೇರಿ 2007ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೇ ನಾಲ್ಕು ಅಂತಸ್ತಿನ ಗೋಪುರವಾಗಿ ಚಿತ್ರಿಸುತ್ತದೆ. ಎಲ್ಲಕ್ಕಿಂತ ಅಗಲವಾದ ತಳದಲ್ಲಿ ಘನತೆಯಿಂದ ಕೊಡುವ ಅನ್ನ, ಆಶ್ರಯ, ಭದ್ರತೆ ಇವೆ. ಅದರ ಮೇಲೆ ಕುಟುಂಬ ಮತ್ತು ಊರಿನ ಆಸರೆ. ಮೂರನೆಯದು ತರಬೇತಾದ ಸಾಮಾನ್ಯ ಕಾರ್ಯಕರ್ತರ ನೆರವು. ತುದಿಯಲ್ಲಿ, ಕೆಲವರಿಗಷ್ಟೇ ಬೇಕಾಗುವ, ಮನೋವೈದ್ಯರ ಚಿಕಿತ್ಸೆ. ಆ ಕೆಲವರ ಪ್ರಮಾಣ ಸಣ್ಣದೇನಲ್ಲ. ಯುದ್ಧ, ಸಂಘರ್ಷಕ್ಕೆ ಸಿಕ್ಕ ಪ್ರದೇಶಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಯಾವುದೇ ಹೊತ್ತಿನಲ್ಲಿ ನೂರಕ್ಕೆ 22 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುತ್ತದೆ; ಸುಮಾರು 9 ಮಂದಿಯಲ್ಲಿ ಅದು ಮಧ್ಯಮ ಅಥವಾ ತೀವ್ರ ಮಟ್ಟದ್ದು. ಅದೇ ಅಂಕಿಯನ್ನು ತಿರುಗಿಸಿ ಓದಿದರೆ ಹೆಚ್ಚಿನವರು ದುಃಖದಲ್ಲಿದ್ದಾರೆ, ಭಯದಲ್ಲಿದ್ದಾರೆ, ಆದರೆ ರೋಗಿಗಳಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಲ್ಲೆಲ್ಲ ಅನಾಹುತವಾಗಿದೆ.

ಭಾರತದಲ್ಲಿ ಈ ತಿಳಿವಳಿಕೆಯ ದೊಡ್ಡ ಪಾಲು ಬೆಂಗಳೂರಿನ ನಿಮ್ಹಾನ್ಸ್ ಅಂಗಳದಲ್ಲಿ ಬೆಳೆದದ್ದು ಎಂಬುದನ್ನು ಕನ್ನಡಿಗರು ಹೆಚ್ಚು ನೆನೆಯುವುದಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖ ಹೇಗಿರುತ್ತದೆಂದು ಇಲ್ಲಿನ ಸಂಶೋಧಕರು ಆಗಲೇ ಅಧ್ಯಯನ ನಡೆಸಿದರು. ದೇಶದಲ್ಲಿ ಇಂಥ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಮೂರೂ ಮುಕ್ಕಾಲು ವರ್ಷದ ನಂತರ, 1984ರ ಡಿಸೆಂಬರ್ 2–3ರ ರಾತ್ರಿ, ಭೋಪಾಲದ ಅನಿಲ ದುರಂತ.

ಭೋಪಾಲದ ಕತೆಯಲ್ಲಿ ಸತ್ತವರ ಸಂಖ್ಯೆ, ಯೂನಿಯನ್ ಕಾರ್ಬೈಡ್, ಅದರ ಮುಖ್ಯಸ್ಥ ಆಂಡರ್ಸನ್ ಎಲ್ಲರಿಗೂ ಗೊತ್ತು. ಮನಸ್ಸಿನ ಅಧ್ಯಾಯ ಗೊತ್ತಿರುವವರು ಕಡಿಮೆ. ಆ ಹೊತ್ತಿಗೆ ಮಧ್ಯಪ್ರದೇಶದ ಐದು ವೈದ್ಯಕೀಯ ಕಾಲೇಜುಗಳಲ್ಲಿ ಒಂದರಲ್ಲೂ ಬೋಧಕ ಮನೋವೈದ್ಯರಿರಲಿಲ್ಲ. ಗಾಳಿಯೇ ವಿಷವಾದ ರಾತ್ರಿಯನ್ನು ಕಂಡವರು ನಿದ್ದೆಯಿಲ್ಲದೆ, ಎದೆ ಹಿಡಿದುಕೊಂಡು, ಗುರುತಿಸಲಾಗದ ಸುಸ್ತಿನೊಂದಿಗೆ ಆಸ್ಪತ್ರೆಗೆ ಬಂದರೆ ಅವರು ನೋಡುತ್ತಿದ್ದುದು ಶ್ವಾಸಕೋಶ, ಕಣ್ಣುಗಳನ್ನಷ್ಟೇ ಬಲ್ಲ ವೈದ್ಯರನ್ನು. ಪರಿಹಾರದ ಆಸೆಗೆ ನಟಿಸುತ್ತಿದ್ದಾರೆ ಎಂಬ ಸಂಶಯವೂ ಅವರ ಬೆನ್ನು ಹತ್ತಿತು. ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಅವರ ಸಂಗಡಿಗರು 1985ರಲ್ಲಿ ಹಿಡಿದ ದಾರಿ ಆ ಕಾಲಕ್ಕೆ ಹೊಸದು. ಹೊರಗಿನಿಂದ ಮನೋವೈದ್ಯರ ಪಡೆ ತರುವ ಬದಲು ಅನಿಲಪೀಡಿತ ಬಡಾವಣೆಗಳಲ್ಲಿ ದಿನವೂ ರೋಗಿಗಳನ್ನು ನೋಡುತ್ತಿದ್ದ ಸಾಮಾನ್ಯ ವೈದ್ಯರಿಗೇ ಅವರು ತರಬೇತಿ ಕೊಟ್ಟರು, ಕೈಪಿಡಿ ಬರೆದುಕೊಟ್ಟರು. ಇಂದು ಜಗತ್ತು ಒಪ್ಪಿಕೊಂಡಿರುವ ತತ್ತ್ವದ ಬೀಜ ಅಲ್ಲಿದೆ.

ಆದರೆ ಭೋಪಾಲ್ ಇನ್ನೊಂದನ್ನೂ ತೋರಿಸಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಗಾಯಗೊಂಡವರಲ್ಲಿ ಬಹುಪಾಲು ಜನರಿಗೆ ಕೈಗೆ ಬಂದದ್ದು 25,000 ರೂಪಾಯಿ, ಅದೂ ವರ್ಷಗಟ್ಟಲೆ ಅಲೆದ ಮೇಲೆ. ತಪ್ಪು ಮಾಡಿದವರು ಯಾರೆಂದು ಗೊತ್ತಿದ್ದೂ ಶಿಕ್ಷೆಯಾಗದಿದ್ದಾಗ ಉಳಿಯುವ ಕುದಿಗೆ ಮಾತ್ರೆಯಿಲ್ಲ. ಮನುಷ್ಯರು ಮನುಷ್ಯರಿಗೆ ತಂದ ವಿಪತ್ತುಗಳಲ್ಲಿ, ಅದು 2002ರ ಗುಜರಾತ್ ಇರಲಿ, 2023ರ ಮೇ ತಿಂಗಳಿಂದ ಮಣಿಪುರದ ಶಿಬಿರಗಳಲ್ಲಿ ಕೊಳೆತ ಬದುಕುಗಳಿರಲಿ, ನ್ಯಾಯವನ್ನು ಬಿಟ್ಟು ಬರೀ ಸಾಂತ್ವನವನ್ನು ಹಂಚುವುದು ಸಂತ್ರಸ್ತರಿಗೆ ಸುಮ್ಮನಿರಿ ಎಂದು ಹೇಳಿದ ಹಾಗೆ ಕೇಳಿಸುತ್ತದೆ. ಇದನ್ನು ಆಪ್ತಸಮಾಲೋಚಕರು ಸ್ವತಃ ಗಟ್ಟಿಯಾಗಿ ಹೇಳಬೇಕು.

ಭೋಪಾಲದಲ್ಲಿ ಮೊದಲಿಗೆ ಮನಸ್ಸನ್ನು ಕೇಳುವವರಿರಲಿಲ್ಲ. ಇಪ್ಪತ್ತು ವರ್ಷದ ನಂತರ ಶ್ರೀಲಂಕಾದಲ್ಲಿ ಕೇಳುವವರ ನೂಕುನುಗ್ಗಲಾಯಿತು. 2004ರ ಡಿಸೆಂಬರ್ 26ರ ಸುನಾಮಿಯ ಬೆನ್ನಲ್ಲೇ ಹಲವು ದೇಶಗಳ ಸಲಹೆಗಾರರು ಪ್ರಶ್ನಾವಳಿ ಹಿಡಿದು ಬಂದಿಳಿದರು. ಸಿಂಹಳ ಬಾರದವರು, ತಮಿಳು ಬಾರದವರು, ಎರಡು ವಾರದಲ್ಲಿ ಹಿಂದಿರುಗುವವರು. ಕಡಲು ನುಂಗಿದ ಮಕ್ಕಳ ಚಿತ್ರ ಬಿಡಿಸು ಎಂದು ಬದುಕುಳಿದ ಮಕ್ಕಳಿಗೆ ಹೇಳಿ, ಚಿತ್ರ ತೆಗೆದುಕೊಂಡು ಹೊರಟರೆ, ಆ ರಾತ್ರಿ ಮಗುವಿನ ಪಕ್ಕ ಕೂರುವವರು ಯಾರು? ಇಲ್ಲಿನ ಜನರನ್ನು ಬರೀ ಆಘಾತದ ರೋಗಿಗಳಾಗಿ ನೋಡಬೇಡಿ ಎಂದು ಕೊಲಂಬೊದ ವಿದ್ವಾಂಸರೇ ಎಚ್ಚರಿಸಬೇಕಾಯಿತು.

ನಡೆದದ್ದನ್ನೆಲ್ಲ ಒಮ್ಮೆ ಬಾಯಿಬಿಟ್ಟು ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂಬ ನಂಬಿಕೆ ಎಷ್ಟು ಸಹಜವೆನಿಸುತ್ತದೆಂದರೆ ಅದನ್ನು ಪರೀಕ್ಷಿಸಬೇಕೆಂದೇ ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ದುರಂತದ ಕೆಲವೇ ದಿನಗಳಲ್ಲಿ, ಒಂದೇ ಸಲ ಕೂರಿಸಿ, ಎಲ್ಲವನ್ನೂ ಹೇಳಿಸುವ ಡಿಬ್ರೀಫಿಂಗ್ ಎಂಬ ಪದ್ಧತಿ 1980ರ ದಶಕದಿಂದ ಜಗತ್ತಿನಲ್ಲೆಲ್ಲ ಹರಡಿತು. ವೇಲ್ಸ್‌ನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಹದಿಮೂರು ತಿಂಗಳ ನಂತರ, ಹೀಗೆ ಹೇಳಿಸಿಕೊಂಡವರಲ್ಲಿ ನೂರಕ್ಕೆ 26 ಮಂದಿಗೆ ಆಘಾತೋತ್ತರ ಕಾಯಿಲೆ ಇತ್ತು, ಯಾರೂ ಏನೂ ಕೇಳದೆ ಬಿಟ್ಟವರಲ್ಲಿ 9 ಮಂದಿಗೆ. ಹೆಚ್ಚು ಗಾಯಗೊಂಡವರು ಯಾವ ಗುಂಪಿನಲ್ಲಿದ್ದರು ಎಂಬ ತಕರಾರು ಆ ಅಧ್ಯಯನದ ಬಗ್ಗೆ ಇದೆ, ನಿಜ. ಆದರೆ ನಂತರ ಎಲ್ಲ ಪ್ರಯೋಗಗಳನ್ನೂ ಒಟ್ಟಿಗಿಟ್ಟು ನೋಡಿದ ಸಮೀಕ್ಷೆಗಳೂ ಇದರಿಂದ ಪ್ರಯೋಜನವಿಲ್ಲ ಎಂದೇ ಹೇಳಿದವು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಾಡಬೇಡಿ ಎನ್ನುತ್ತದೆ. ಆಘಾತಕ್ಕೆ ಸಿಕ್ಕವರಿಗೆ ಮೊದಲ ತಿಂಗಳಲ್ಲಿ ಡಯಾಜೆಪಾಮ್ ಜಾತಿಯ ನಿದ್ದೆಮಾತ್ರೆ ಕೊಡಬೇಡಿ ಎಂದೂ ಅದೇ ಸಂಸ್ಥೆಯ ಸಲಹೆಯಿದೆ. ಶಿಬಿರದ ವೈದ್ಯರು ರಾತ್ರಿಯ ಗಲಾಟೆ ತಗ್ಗಿಸಲು ಸುಲಭವಾಗಿ ಕೈಹಾಕುವುದು ಇದೇ ಮಾತ್ರೆಗೆ ಎಂಬುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಮೊದಲ ದಿನಗಳಲ್ಲಿ ಮಾಡಬೇಕಾದದ್ದೇನು? ಗಮನಿಸಿ ನೋಡುವುದು, ಹೇಳಿದರೆ ಕೇಳುವುದು, ಬೇಕಾದುದರ ಜತೆ ಕೈ ಸೇರಿಸುವುದು. 2011ರಲ್ಲಿ ಬಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿರುವುದು ಇಷ್ಟೆ. ಅತ್ತವರನ್ನು ಅಳಬೇಡಿ ಎನ್ನದಿರುವುದು, ಅಳದವರನ್ನು ಅಳಿಸಲು ಹೋಗದಿರುವುದು. ದೇವರಿದ್ದಾನೆ, ಎಲ್ಲ ಸರಿಹೋಗುತ್ತದೆ ಎಂದು ನಮಗೇ ಗೊತ್ತಿಲ್ಲದ ಭರವಸೆ ಕೊಡದಿರುವುದು. ನಾಳೆ ಬರುತ್ತೇನೆ ಎಂದರೆ ಬರುವುದು. ಇದನ್ನು ಕಲಿಯಲು ಒಂದು ದಿನ ಸಾಕು. ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಲೈನ್‌ಮನ್‌ಗಳು ಎಲ್ಲರೂ ಕಲಿಯಬಹುದು.

ಆಮೇಲಿನ ತಿಂಗಳುಗಳ ಕೆಲಸ ಇದಕ್ಕಿಂತ ಆಳವಾದದ್ದು, ಮತ್ತು ಅಲ್ಲಿ ನಮ್ಮ ದೇಶದ ಅನುಭವಕ್ಕೆ ತನ್ನದೇ ತೂಕವಿದೆ. 1999ರ ಅಕ್ಟೋಬರ್ 29ರ ಚಂಡಮಾರುತ ಒಡಿಶಾದ ಎರಸಮಾ ಭಾಗವನ್ನು ಬಳಿದುಕೊಂಡು ಹೋದ ಮೇಲೆ ಆಕ್ಷನ್‌ಏಡ್ ಸಂಸ್ಥೆ ಹಳ್ಳಿಗಳಿಂದಲೇ ಆರಿಸಿ ತರಬೇತಿ ಕೊಟ್ಟವರನ್ನು ಸ್ನೇಹಕರ್ಮಿಗಳೆಂದು ಕರೆಯಿತು. ಗುಜರಾತಿನಲ್ಲಿ 2002ರ ಹಿಂಸೆಯ ನಂತರ ಅಂಥವರೇ ಅಮನ್ ಪಥಿಕರಾದರು. ಇವರು ವಿಧವೆಯ ಮನೆಗೆ ಹೋಗಿ ಕೂರುತ್ತಿದ್ದರು, ಪಡಿತರ ಚೀಟಿಗೆ ಅರ್ಜಿ ಬರೆದುಕೊಡುತ್ತಿದ್ದರು, ಮತ್ತೆ ಮರುವಾರ ಹೋಗುತ್ತಿದ್ದರು. ಅರ್ಜಿ ಮತ್ತು ಸಾಂತ್ವನ ಒಂದೇ ಕೈಯಿಂದ ಬಂತು. ಇಂಥವರ ಕೆಲಸ ನಿಜಕ್ಕೂ ಫಲ ಕೊಡುತ್ತದೆಯೇ ಎನ್ನುವವರಿಗೆ ಪೇಶಾವರದ ಪ್ರಯೋಗ ಉತ್ತರ. ಸಂಘರ್ಷದ ನೆರಳಿನ ಆ ನಗರದಲ್ಲಿ ಪರಿಣತರಲ್ಲದ ಆರೋಗ್ಯ ಕಾರ್ಯಕರ್ತರು ವಾರಕ್ಕೊಂದರಂತೆ ಐದು ಭೇಟಿಯಲ್ಲಿ ಉಸಿರಾಟ, ಸಮಸ್ಯೆಯನ್ನು ಬಿಡಿಸಿ ನೋಡುವುದು, ಕೈಬಿಟ್ಟ ಕೆಲಸಗಳನ್ನು ಮತ್ತೆ ಹಿಡಿಯುವುದು ಇಂಥವನ್ನು ಕಲಿಸಿದರು. 346 ಜನರ ಆ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ನೆರವು ಪಡೆದವರ ಆತಂಕ, ಖಿನ್ನತೆಗಳು ಉಳಿದವರಿಗಿಂತ ಸ್ಪಷ್ಟವಾಗಿ ಇಳಿದಿದ್ದವು.

ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಚರ್ಚೆಯ ನಡುಗಂಬ ಇದು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿ ಸುತ್ತ ಭೂಮಿ ನಡುಗಿದಾಗ ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಬಿದ್ದವು. ಸರ್ಕಾರ 52 ಹಳ್ಳಿಗಳನ್ನು ಪೂರ್ತಿ ಬೇರೆಡೆಗೆ ಸಾಗಿಸಿತು. ಗುತ್ತಿಗೆದಾರರು ಕಟ್ಟಿದ ಹೊಸ ಊರುಗಳು ನಗರದ ಬಡಾವಣೆಯಂತೆ ಅಗಲ ರಸ್ತೆ, ನೇರ ಸಾಲು. ಸುರಕ್ಷಿತ, ಒಪ್ಪೋಣ. ಆದರೆ ಹಳೆಯ ವಾಡೆಯ ಅಂಗಳ ಹೋಯಿತು. ಜಗಲಿಯಿಂದ ಜಗಲಿಗೆ ಮಾತಾಡುತ್ತಿದ್ದ ಹೆಂಗಸರು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನಡೆದೇ ಹೋಗಬೇಕಾಯಿತು. ಮಕ್ಕಳನ್ನು ಕಳೆದುಕೊಂಡವರಿಗೆ ಅತ್ಯಂತ ಬೇಕಾಗಿದ್ದ ಸಂಗಡವೇ ನಕ್ಷೆಯಲ್ಲಿ ಅಳಿಸಿಹೋಗಿತ್ತು. 2001ರ ಜನವರಿ 26ರ ಕಚ್ಛ್ ಭೂಕಂಪದ ನಂತರ ಜನ ಸ್ಥಳಾಂತರವನ್ನು ವಿರೋಧಿಸಿದರು. ಸರ್ಕಾರ ಕಂತಿನಲ್ಲಿ ಹಣ, ಕಡಿಮೆ ದರದಲ್ಲಿ ಸಿಮೆಂಟು, ಸಲಹೆಗೆ ಎಂಜಿನಿಯರು ಕೊಟ್ಟು, ಕಟ್ಟಿಕೊಳ್ಳುವುದನ್ನು ಜನರಿಗೇ ಬಿಟ್ಟಿತು. ಬಹುಪಾಲು ಕುಟುಂಬಗಳು ತಮ್ಮ ಜಾಗದಲ್ಲೇ ಕಟ್ಟಿದವು. ಅಲ್ಲಿ ನಡೆದ ಅಧ್ಯಯನಗಳಲ್ಲಿ ತಾವೇ ಕಟ್ಟಿಕೊಂಡವರ ಸಮಾಧಾನ ಗುತ್ತಿಗೆದಾರರಿಂದ ಮನೆ ಪಡೆದವರಿಗಿಂತ ಹೆಚ್ಚಾಗಿತ್ತು. ಎಲ್ಲವೂ ಕೈತಪ್ಪಿದ ಮನುಷ್ಯನಿಗೆ ಬಾಗಿಲು ಯಾವ ದಿಕ್ಕಿಗಿರಲಿ ಎಂದು ತಾನೇ ತೀರ್ಮಾನಿಸುವ ಅವಕಾಶ ಸಿಕ್ಕರೆ, ಬದುಕು ಇನ್ನೂ ತನ್ನ ಕೈಯಲ್ಲಿದೆ ಎಂಬ ನಂಬಿಕೆ ಮರಳುತ್ತದೆ.

ನಾವು ಈ ಪಾಠ ಕಲಿತೆವೇ? 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿದ ಆಸರೆ ಮನೆಗಳಲ್ಲಿ ಹಲವು ಹೊಲದಿಂದ ದೂರವಾದವು, ದನ ಕಟ್ಟಲು ಜಾಗವಿಲ್ಲದವು. ಎಷ್ಟೋ ಮಂದಿ ಅಲ್ಲಿಗೆ ಹೋಗದೆ ಹಳೆಯ ಊರಲ್ಲೇ ಉಳಿದು 2019ರಲ್ಲಿ ಮತ್ತೆ ನೀರಿಗೆ ಸಿಕ್ಕರು. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಬೆಟ್ಟಗಳು ಜಾರಿದವು. ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಒಳ್ಳೆಯ ಮನೆಗಳಾದವು. ಆದರೆ ತೋಟ ಮಣ್ಣಿನ ಜತೆಗೇ ಹೋದವನಿಗೆ, ತಲೆಮಾರುಗಳಿಂದ ನೋಡಿದ ಬೆಟ್ಟದ ಆಕಾರವೇ ಬದಲಾದವನಿಗೆ, ಎರಡು ಕೋಣೆಯ ಮನೆ ಉತ್ತರದ ಒಂದು ತುಂಡು ಮಾತ್ರ. ಜೂನ್ ಬಂದು ಹೆಂಚಿನ ಮೇಲೆ ಮಳೆ ಜೋರಾದರೆ ಎದ್ದು ಕೂರುವವರು ಆ ಭಾಗದಲ್ಲಿ ಇಂದಿಗೂ ಇದ್ದಾರೆ. ಆ ಭಯಕ್ಕೆ ಸಕಾರಣವಿದೆ. ಈ ಇಳಿಜಾರು ಗಟ್ಟಿ, ಆ ಇಳಿಜಾರು ಅಪಾಯ ಎಂದು ಭೂವಿಜ್ಞಾನಿಗಳು ಊರಿಗೆ ಬಂದು ಊರವರ ಭಾಷೆಯಲ್ಲಿ ವಿವರಿಸುವುದು ಅದಕ್ಕೆ ಮೊದಲ ಮದ್ದು.

ಸುನಾಮಿಯ ನಂತರದ ತಮಿಳುನಾಡು ಇನ್ನೊಂದು ಬಗೆಯ ಪಾಠ. ಮಕ್ಕಳು ಸಾಕೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ತಾಯಂದಿರು ನಾಗಪಟ್ಟಿಣದ ಕರಾವಳಿಯಲ್ಲಿ ಒಂದೇ ಬೆಳಿಗ್ಗೆ ಎಲ್ಲ ಮಕ್ಕಳನ್ನೂ ಕಳೆದುಕೊಂಡಿದ್ದರು. ಆ ಶಸ್ತ್ರಚಿಕಿತ್ಸೆಯನ್ನು ಹಿಮ್ಮರಳಿಸಲು ಸರ್ಕಾರ ಉಚಿತ ವ್ಯವಸ್ಥೆ ಮಾಡಿತು. ಅದರಲ್ಲಿ ಕರುಣೆಯಿತ್ತು. ಆದರೆ ಸತ್ತ ಮಗುವಿಗೆ ಬದಲಿ ಹೆತ್ತುಕೊಡು ಎಂಬ ಮನೆಯವರ ಒತ್ತಡ ಅದೇ ಹೆಂಗಸಿನ ಮೇಲೆ ಬೀಳುವುದೂ ಉಂಟು. ಸುಡುಬಿಸಿಲಿಗೆ ಕಾದ ಟಾರು ಶೀಟಿನ ತಾತ್ಕಾಲಿಕ ಗುಡಾರಗಳಲ್ಲಿ ಕುಡಿತ ಹೆಚ್ಚಿತು. ಗಂಡಸಿನ ಕೈಗೆ ಬಂದ ಪರಿಹಾರದ ಹಣ ಅಲ್ಲಿಗೇ ಹರಿಯಿತು. ಪರಿಹಾರಧನ ಯಾರ ಖಾತೆಗೆ ಜಮೆಯಾಗಬೇಕು ಎಂಬ ಒಂದು ಆಡಳಿತಾತ್ಮಕ ಆದೇಶ ಎಷ್ಟು ಮನೆಗಳ ರಾತ್ರಿಯನ್ನು ಬದಲಿಸಬಲ್ಲದು!

ನಮ್ಮ ಜನಕ್ಕೆ ಈ ಆಮದು ವಿಚಾರಗಳೇ ಬೇಡ, ದೇವರು, ಬಂಧು-ಬಳಗ, ಸಂಸ್ಕಾರ ಇವೇ ಕಾಪಾಡುತ್ತವೆ ಎನ್ನುವವರೂ ಇದ್ದಾರೆ. ಅರ್ಧ ಒಪ್ಪುತ್ತೇನೆ. ಹನ್ನೊಂದನೆಯ ದಿನದ ಕಾರ್ಯ, ಮಸೀದಿಯ ಸಾಮೂಹಿಕ ಪ್ರಾರ್ಥನೆ, ಚರ್ಚಿನ ಪೂಜೆ ಇವಕ್ಕೆ ಪರ್ಯಾಯ ಯಾವ ಕೈಪಿಡಿಯಲ್ಲೂ ಇಲ್ಲ. ಜಿಲ್ಲಾಡಳಿತ ತರಕಾರಿಗೆ ಹಣ ಕೊಡುವಷ್ಟೇ ಸಹಜವಾಗಿ ಈ ಕಾರ್ಯಗಳಿಗೂ ಕೊಡಬೇಕು. ಆದರೆ ಊರು ಎಂಬುದು ಎಲ್ಲರನ್ನೂ ಒಳಗೊಂಡ ಮಡಿಲು ಎಂದು ನಂಬುವಷ್ಟು ನಮ್ಮ ಊರುಗಳು ನಿರಪರಾಧಿಗಳಲ್ಲ. ಸುನಾಮಿಯ ನಂತರ ನಾಗಪಟ್ಟಿಣದಲ್ಲೇ ದಲಿತರಿಗೆ ಶಿಬಿರಗಳಲ್ಲಿ ಜಾಗ ನಿರಾಕರಿಸಿದ, ನೀರಿನ ಬಳಿ ತಡೆದ ಪ್ರಸಂಗಗಳು ದಾಖಲಾಗಿವೆ. ಪತ್ರವಿಲ್ಲದ ತೋಟದ ಲೈನ್‌ಮನೆಯ ಕೂಲಿ, ಗಂಡ ಸತ್ತ ಮೇಲೆ ಅತ್ತೆಮನೆಗೂ ತವರಿಗೂ ಬೇಡವಾದವಳು, ಲೈಂಗಿಕ ಅಲ್ಪಸಂಖ್ಯಾತರು, ಇವರಿಗೆ ಊರಿನ ಆಸರೆ ತಾನಾಗಿ ಒದಗುವುದಿಲ್ಲ.

ಇನ್ನು ವಿಪತ್ತಿಗೆ ಮೊದಲೇ ಕಾಯಿಲೆಯಿದ್ದವರನ್ನು ಮರೆಯುವುದೇ ರೂಢಿ. ಸ್ಕಿಜೋಫ್ರೇನಿಯಾದ ಮಾತ್ರೆ, ಮೂರ್ಛೆರೋಗದ ಮಾತ್ರೆ, ಲಿಥಿಯಂ ಎಲ್ಲ ನೆರೆಯಲ್ಲಿ ತೇಲಿಹೋಗಿರುತ್ತವೆ. ಹತ್ತು ವರ್ಷ ನೆಟ್ಟಗಿದ್ದವನು ಹತ್ತೇ ದಿನದಲ್ಲಿ ಕೆಡುತ್ತಾನೆ, ಶಿಬಿರದಲ್ಲಿ ಅವನನ್ನು ಕಂಬಕ್ಕೆ ಕಟ್ಟುವ ಮಾತು ಬರುತ್ತದೆ. ತಾಲ್ಲೂಕು ಆಸ್ಪತ್ರೆಯ ಬಳಿ ಹೆಸರುಗಳಿರುತ್ತವೆ, ಮಾತ್ರೆಗಳೂ ಇರುತ್ತವೆ. ಕಾಳಜಿ ಕೇಂದ್ರಕ್ಕೆ ಹೋಗುವ ವೈದ್ಯರ ಚೀಲದಲ್ಲಿ ಪ್ಯಾರಸಿಟಮಾಲ್, ಓಆರ್‌ಎಸ್ ಜತೆಗೆ ಈ ನಾಲ್ಕಾರು ಔಷಧಗಳಿರಬೇಕು ಎಂಬ ಒಂದು ಸಾಲಿನ ಆದೇಶ ಸಾಕು.

ವಿಪತ್ತು ಕೆಲವೊಮ್ಮೆ ಅವಕಾಶವನ್ನೂ ತರುತ್ತದೆ. ಸುನಾಮಿಗೆ ಮುನ್ನ ಇಂಡೊನೇಷ್ಯಾದ ‘ಆಚೆ’ ಎಂಬ ಪ್ರಾಂತದಲ್ಲಿ ಇದ್ದದ್ದು ಒಂದೇ ಮಾನಸಿಕ ಆಸ್ಪತ್ರೆ. ನಂತರ ಹಳ್ಳಿಯ ಆರೋಗ್ಯ ಕೇಂದ್ರಗಳ ದಾದಿಯರೇ ಮನೆಗೆ ಹೋಗಿ ನೋಡುವ ವ್ಯವಸ್ಥೆ ಬೆಳೆಯಿತು. ಶ್ರೀಲಂಕಾದಲ್ಲಿ ಸುನಾಮಿಗೆ ಮೊದಲು 10 ಜಿಲ್ಲೆಗಳಲ್ಲಿದ್ದ ಮಾನಸಿಕ ಆರೋಗ್ಯ ಸೇವೆ ಕೆಲವೇ ವರ್ಷಗಳಲ್ಲಿ 20 ಜಿಲ್ಲೆಗಳಿಗೆ ಹರಡಿತು. ಬಂದ ಹಣವನ್ನು ಹೊರಗಿನವರ ಪ್ರಯಾಣಕ್ಕೆ ಮುಗಿಸದೆ ಊರಿನ ಆಸ್ಪತ್ರೆಗೆ ಹಾಕಿದ್ದರ ಫಲ ಅದು. ವಯನಾಡಿನಲ್ಲಿ ಮಣ್ಣು ಪಾಲಾದ ವೆಳ್ಳಾರ್ಮಲ ಶಾಲೆಯ ಮಕ್ಕಳಿಗೆ ತಿಂಗಳೊಪ್ಪತ್ತಿನಲ್ಲಿ ಮೇಪ್ಪಾಡಿಯಲ್ಲಿ ತರಗತಿ ಶುರುವಾಯಿತು. ಮುಂದಿನ ಜನವರಿಯಲ್ಲಿ ತಿರುವನಂತಪುರದ ರಾಜ್ಯ ಶಾಲಾ ಕಲೋತ್ಸವದ ಉದ್ಘಾಟನೆಯಲ್ಲಿ ಅವರು ಕುಣಿದರು. ದಿನಚರಿ ಮರಳುವುದೇ ಮಕ್ಕಳಿಗೆ ಚಿಕಿತ್ಸೆ.

ಕರ್ನಾಟಕದ ಕೈಯಲ್ಲಿ ಬೇಕಾದ ಸಾಮಗ್ರಿಯೆಲ್ಲ ಇದೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದ ಬಳ್ಳಾರಿ ಪ್ರಯೋಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಂದು ದಶಕವಾಯಿತು. ನಿಮ್ಹಾನ್ಸ್‌ನಲ್ಲಿ ವಿಪತ್ತಿನ ಮನೋಸಾಮಾಜಿಕ ನೆರವಿಗೇ ಮೀಸಲಾದ ವಿಭಾಗವಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಈ ಬಗ್ಗೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೂ ಸಿಗುತ್ತದೆ. ಆದರೆ ಲಕ್ಷಕ್ಕೆ ಒಬ್ಬ ಮನೋವೈದ್ಯನೂ ಇಲ್ಲದ ದೇಶ ಇದು. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಶಾಂತ ದಿನಗಳಲ್ಲೇ ಇಲ್ಲದ್ದು ನೆರೆಯ ದಿನ ಪ್ರತ್ಯಕ್ಷವಾಗುವುದಿಲ್ಲ.

ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ನಡೆಸುವ ಮಳೆಗಾಲದ ಪೂರ್ವಸಿದ್ಧತಾ ಸಭೆಯಲ್ಲಿ ದೋಣಿ, ಮರಳುಚೀಲ, ಜೆಸಿಬಿಗಳ ಪಟ್ಟಿಯ ಜತೆಗೆ ಇನ್ನು ಕೆಲವು ಪ್ರಶ್ನೆಗಳಿರಲಿ. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಹುದ್ದೆಗಳು ಭರ್ತಿಯಾಗಿವೆಯೇ? ಕಾಳಜಿ ಕೇಂದ್ರದ ನೋಡಲ್ ಅಧಿಕಾರಿಗೆ ಒಂದು ದಿನದ ತರಬೇತಿ ಆಗಿದೆಯೇ? ಕಾಣೆಯಾದವರ ಮನೆಯವರಿಗೆ ಮಾಹಿತಿ ಹೇಳುವ ಒಬ್ಬ ಹೊಣೆಗಾರನ ಹೆಸರು ಗೊತ್ತುಮಾಡಿದೆಯೇ? ಹೆಣ ಎತ್ತಿದ ಗೃಹರಕ್ಷಕ ದಳದ ಹುಡುಗನಿಗೆ ರಜೆ ಮತ್ತು ಮಾತಾಡಿಸುವವರು ಸಿಗುತ್ತಾರೆಯೇ? ಮೊದಲ ವಾರಕ್ಕಷ್ಟೇ ಅಲ್ಲದೆ ಎರಡು ವರ್ಷಕ್ಕೆ ಹಣವಿಟ್ಟಿದೆಯೇ? ನಿಮ್ಮ ಶಾಸಕರಿಗೆ, ತಾಲ್ಲೂಕು ಆಡಳಿತಕ್ಕೆ ಈ ಪ್ರಶ್ನೆಗಳನ್ನು ಬರೆದು ಕೇಳಿ. ಮಳೆ, ನೆರೆ, ಕುಸಿತ ಕಂಡ ಯಾರಾದರೂ ವಾರಗಳ ನಂತರವೂ ನಿದ್ದೆಯಿಲ್ಲದೆ, ಊಟ ಸೇರದೆ, ಸಾಯುವ ಮಾತಾಡುತ್ತಾ ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಇದ್ದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲಿರುಳೂ ತೆರೆದಿರುತ್ತದೆ.